ನಿಷೇಧವನ್ನು ದಾಟಿದ ನಗಾರಿ

ವಾದ್ಯವೊಂದಕ್ಕೆ ಸರಕಾರ ಹೆದರಿದ್ದುಂಟೆ? ಉಂಟೆನ್ನುತ್ತದೆ ಅಮೆರಿಕದ ಇತಿಹಾಸ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ನಗಾರಿ ಬಾರಿಸುತ್ತ ಬಂಡೆದ್ದರು. ಮರುವರ್ಷವೇ ಆ ವಸಾಹತಿನ ಶಾಸನವು ಗುಲಾಮರು ನಗಾರಿ, ಕೊಂಬುಗಳನ್ನು ಇಟ್ಟುಕೊಳ್ಳುವುದನ್ನೂ ನುಡಿಸುವುದನ್ನೂ ನಿಷೇಧಿಸಿತು. ಅಂಥ ಗುಲಾಮರ ವಂಶಜರು ಬೆಳೆಸಿದ ವಾದ್ಯಪರಂಪರೆಯೊಂದನ್ನು ಕುರಿತು ಈಗ ಎರಡು ಮಾತು ಹೇಳಬಯಸುತ್ತೇನೆ.

1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ವಿದ್ಯಾಭ್ಯಾಸಕ್ಕಾಗಿ ಅನೇಕ ಕಾಲೇಜುಗಳು ಹುಟ್ಟಿದವು. ಸೈನ್ಯದ ಕವಾಯತಿನ ಬ್ಯಾಂಡು ಅಲ್ಲಿ ಹೊಸ ರೂಪ ತಳೆಯಿತು. ಆ ರೂಪಕ್ಕೆ ಕಳೆಯಿತ್ತವರಲ್ಲಿ ವಿಲಿಯಂ ಫಾಸ್ಟರ್ ಅಗ್ರಗಣ್ಯರು. ಕಪ್ಪು ಜನರಿಗೆ ವಾದ್ಯವೃಂದದ ನಿರ್ದೇಶಕನ ಕೆಲಸ ದೊರೆಯಲಾರದೆಂಬ ಮಾತನ್ನು ಅವರು ವಿದ್ಯಾರ್ಥಿದೆಸೆಯಲ್ಲಿಯೇ ಕೇಳಬೇಕಾಯಿತು. 1946ರಲ್ಲಿ ಫ್ಲಾರಿಡಾ ಎ ಅಂಡ್ ಎಂ ಕಾಲೇಜಿನ ಬ್ಯಾಂಡಿನ ಹೊಣೆ ಹೊತ್ತು ಅವರು ಅದಕ್ಕೆ ಉತ್ತರವಿತ್ತರು. ಮೊಣಕಾಲನ್ನು ಎತ್ತರಕ್ಕೆತ್ತಿ ಇಡುವ ಹೆಜ್ಜೆ, ಜನಪ್ರಿಯ ಗೀತೆ, ನೃತ್ಯ ಇವೆಲ್ಲ ಕವಾಯತಿನೊಳಗೆ ಬಂದವು. 1989ರಲ್ಲಿ ಫ್ರೆಂಚ್ ಕ್ರಾಂತಿಯ ದ್ವಿಶತಮಾನೋತ್ಸವದಂದು ಆ ಬ್ಯಾಂಡು ಪ್ಯಾರಿಸಿನ ರಾಜಬೀದಿಯಲ್ಲಿ ಮೆರೆಯಿತು.

ಇಂಥ ಬ್ಯಾಂಡಿನ ಡ್ರಮ್ ಸಾಲನ್ನು ಅಳೆಯುವ ಬಗೆ ಯಾವುದು? ಧ್ವನಿಮುದ್ರಣಗಳನ್ನು ಮೊದಲು ಕೇಳಿದಾಗ ನಾನು ಕೋಲುಗಳ ವೇಗಕ್ಕೇ ಮಾರುಹೋಗಿದ್ದೆ. ಕಿವಿ ಪಳಗಿದ ಮೇಲೆ ಗಮನ ದೊಡ್ಡ ಡ್ರಮ್ಮುಗಳತ್ತ ಹರಿಯಿತು. ಅವುಗಳ ಗಾತ್ರ ಬೇರೆ ಬೇರೆ, ಶ್ರುತಿಯೂ ಬೇರೆ ಬೇರೆ. ಎಷ್ಟೋ ಕಡೆ ಒಬ್ಬೊಬ್ಬ ವಾದಕನೂ ತನ್ನ ಪಾಲಿನ ಪೆಟ್ಟನ್ನಷ್ಟೇ ಹಾಕುತ್ತಾನೆ. ಎಲ್ಲವೂ ಕೂಡಿದಾಗ ಒಂದು ವಾಕ್ಯವಾಗುತ್ತದೆ. ಒಬ್ಬನು ತಡೆದರೆ ಅಕ್ಷರವೊಂದು ಬಿದ್ದುಹೋದಂತೆ. ನೂರಾರು ಹೆಜ್ಜೆಗಳನ್ನು ಒಂದೇ ನಾಡಿಯಲ್ಲಿ ಹಿಡಿದಿಡುವ ಹೊಣೆಯೂ ಅವರದೇ. ಫುಟ್‌ಬಾಲಿನ ನಾಲ್ಕು ಸರದಿಗಳು ಮುಗಿದ ಮೇಲೆ ಎದುರಾಳಿ ಬ್ಯಾಂಡುಗಳು ಪಂತಕ್ಕೆ ಬಿದ್ದು ನುಡಿಸುವುದುಂಟು. ಅದಕ್ಕೆ ‘ಐದನೆಯ ಸರದಿ’ ಎಂದೇ ಹೆಸರು. ಅಲ್ಲಿ ಅಂಕಪಟ್ಟಿಯಿಲ್ಲ, ಜನರ ಉದ್ಗಾರವೇ ತೀರ್ಪು.

ಈ ವಿದ್ಯೆ ಸ್ವರಲಿಪಿಯಿಂದ ಬಂದಷ್ಟೇ ಹಿರಿಯರ ಕೈಯಿಂದ ಕಿರಿಯರ ಕಿವಿಗೂ ಬರುತ್ತದೆ. ಆದರೆ ಹಿರಿತನ ಹಾದಿ ತಪ್ಪಿದ್ದೂ ಉಂಟು. ಫಾಸ್ಟರರು ಬೆಳೆಸಿದ ಬ್ಯಾಂಡಿನಲ್ಲಿಯೇ 2011ರಲ್ಲಿ ದೀಕ್ಷೆಯ ಹೆಸರಿನ ಹೊಡೆತಕ್ಕೆ ವಿದ್ಯಾರ್ಥಿಯೊಬ್ಬ ಬಲಿಯಾದ. ಬ್ಯಾಂಡು 2013ರವರೆಗೆ ಮೈದಾನಕ್ಕಿಳಿಯಲಿಲ್ಲ. ಆದ್ದರಿಂದ ಪ್ರದರ್ಶನವನ್ನು ಅಳೆಯುವಾಗ ಕಲಿಸಿದ ಬಗೆಯನ್ನೂ ಅಳೆಯಬೇಕೆಂದು ನನ್ನ ಮತ. ಚಾವಟಿಯ ಕಾಲವನ್ನು ದಾಟಿ ಬಂದ ನಗಾರಿಯದು. ಪೆಟ್ಟು ಬೀಳಬೇಕಾದದ್ದು ಅದರ ಮೇಲೆಯೇ ಹೊರತು ಮನುಷ್ಯನ ಮೈಮೇಲಲ್ಲ.