ಸಾಕುಮೊಲವನ್ನು ಎತ್ತಿಕೊಳ್ಳುವ ಪದ್ಧತಿ: ಒಂದು ಚಾರಿತ್ರಿಕ ನೋಟ

ಇಂದು ಜಗತ್ತಿನ ನಾನಾ ಭಾಗಗಳ ಮನೆಗಳಲ್ಲಿ ಸಾಕುತ್ತಿರುವ ಮೊಲಗಳು ಬಣ್ಣ, ಗಾತ್ರ, ಕಿವಿಯ ಉದ್ದಗಳಲ್ಲಿ ಎಷ್ಟೇ ಬೇರೆಯಾಗಿ ಕಂಡರೂ ಅವೆಲ್ಲವೂ ಒರಿಕ್ಟೊಲಾಗಸ್ ಕ್ಯುನಿಕುಲಸ್ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸಿನ ನೆಲದಲ್ಲಿ ಬಿಲ ತೋಡಿಕೊಂಡು ಬದುಕುತ್ತಿದ್ದ ಈ ಪ್ರಾಣಿ ಮನುಷ್ಯನ ವಶಕ್ಕೆ ಬಂದು ಎರಡು ಸಾವಿರ ವರ್ಷಗಳೇ ಕಳೆದಿವೆ. ಆದರೆ ಆ ಅವಧಿಯ ಬಹುಪಾಲು ಅದರತ್ತ ಚಾಚಿದ್ದು ತಿನ್ನುವವನ ಕೈ. ಮೊಲವನ್ನು ಹಿಡಿಯುವ, ಎತ್ತುವ, ಒಯ್ಯುವ ವಿಧಾನಗಳೆಲ್ಲ ರೂಪುಗೊಂಡದ್ದು ಮಾಂಸ ಮತ್ತು ತುಪ್ಪಳದ ಕಸುಬಿನಲ್ಲಿ. ಪ್ರಾಣಿ ಮನೆಯೊಳಗೆ ಬಂದ ಮೇಲೂ ಅವೇ ವಿಧಾನಗಳು ಬಹುಕಾಲ ಮುಂದುವರಿದುದರಿಂದ, ಮೊಲವನ್ನು ಕೈಗೆ ಒಗ್ಗಿಸುವ ಪದ್ಧತಿಯ ಚರಿತ್ರೆಯೆಂದರೆ ಹಳೆಯ ಕೈವಾಡಿಕೆಯನ್ನು ನಿಧಾನವಾಗಿ ಬಿಟ್ಟುಕೊಟ್ಟ ಚರಿತ್ರೆಯೇ ಆಗಿದೆ.

ರೋಮನ್ ಲೇಖಕ ವಾರೋ ಕ್ರಿ.ಪೂ. 37ರ ಸುಮಾರಿಗೆ ಬರೆದ ಕೃಷಿಗ್ರಂಥದಲ್ಲಿ ಲೆಪೊರೇರಿಯಂ ಎಂಬ ವ್ಯವಸ್ಥೆಯ ವಿವರಣೆಯಿದೆ. ಇದು ಎತ್ತರದ ಗೋಡೆಯಿಂದ ಸುತ್ತುವರಿದ, ಕಾಡುಮೊಲ ಮುಂತಾದ ಬೇಟೆಯ ಪ್ರಾಣಿಗಳನ್ನು ಊಟದ ಮನೆಗೆ ಬೇಕಾಗುವವರೆಗೆ ಕೂಡಿಡುವ ಆವರಣ. ಸ್ಪೇನಿನ ಬಿಲಮೊಲವನ್ನೂ ಅಲ್ಲಿ ಇಡಬಹುದೆಂದು ವಾರೋ ಹೇಳುತ್ತಾನೆ. ಒಂದನೆಯ ಶತಮಾನದ ಪ್ಲಿನಿ, ತಾಯಿಯ ಹೊಟ್ಟೆಯಿಂದ ತೆಗೆದ ಅಥವಾ ಆಗತಾನೇ ಹುಟ್ಟಿದ ಮೊಲದ ಮರಿಗಳನ್ನು ಲಾರಿಸಿಸ್ ಎಂಬ ಹೆಸರಿನಲ್ಲಿ ವಿಶೇಷ ಭಕ್ಷ್ಯವಾಗಿ ತಿನ್ನುತ್ತಿದ್ದುದನ್ನು ದಾಖಲಿಸಿದ್ದಾನೆ. ಬಾಲಿಯಾರಿಕ್ ದ್ವೀಪಗಳ ಜನ ಮೊಲಗಳ ಹಾವಳಿ ತಾಳಲಾರದೆ ಸಾಮ್ರಾಟ ಆಗಸ್ಟಸನ ಬಳಿ ಸೈನ್ಯದ ನೆರವು ಬೇಡಿದ ಸಂಗತಿಯೂ ಅವನಲ್ಲಿಯೇ ಸಿಗುತ್ತದೆ. ಈ ಬರಹಗಳಲ್ಲಿ ಮೊಲ ಒಂದೋ ಆಹಾರ, ಇಲ್ಲವೇ ಪೀಡೆ.

ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿ ಮೊಲದ ಎಳೆಮರಿಗಳು ಮೀನಿಗೆ ಸಮವೆಂದು ಆಜ್ಞೆ ಹೊರಡಿಸಿದುದರಿಂದ, ಉಪವಾಸದ ದಿನಗಳಲ್ಲಿ ತಿನ್ನಲೆಂದು ಫ್ರಾನ್ಸಿನ ಮಠಗಳ ಸಂನ್ಯಾಸಿಗಳು ಅವನ್ನು ಸಾಕಿ ಪಳಗಿಸಿದರೆಂಬ ಕಥೆ ಅನೇಕ ಪುಸ್ತಕಗಳಲ್ಲಿ ಇಂದಿಗೂ ಕಾಣುತ್ತದೆ. ಅಂಥ ಆಜ್ಞೆಯೇ ಇಲ್ಲವೆಂಬುದನ್ನು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮೂಲ ಆಕರಗಳನ್ನು ಶೋಧಿಸಿ ತೋರಿಸಿತು. ಆರನೆಯ ಶತಮಾನದ ಇತಿಹಾಸಕಾರ, ಟೂರ್ಸ್ ನಗರದ ಬಿಷಪ್ ಗ್ರೆಗರಿ, ಒಬ್ಬ ಅಧಿಕಾರಿ ಉಪವಾಸದ ಕಾಲದಲ್ಲಿ ಮೊಲದ ಮರಿಗಳನ್ನು ತಿಂದನೆಂದು ಬರೆದಿದ್ದನ್ನು ಮುಂದಿನವರು ಅದೇ ಹೆಸರಿನ ಪೋಪನಿಗೆ ಅಂಟಿಸಿದ್ದರು. ಇಷ್ಟಾದರೂ ಕಥೆ ಮರುಮುದ್ರಣವಾಗುತ್ತಲೇ ಇರುವುದನ್ನು ನೋಡಿದರೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಮಾತು ಮೊಲದ ಚರಿತ್ರೆಗೇ ಸಲ್ಲುವಂತಿದೆ. ಮೊಲ ಪಳಗಿದ್ದು ಯಾವುದೋ ಒಂದು ಆಜ್ಞೆಯಿಂದಲ್ಲ. ಬೇಟೆ, ಆವರಣ, ಗೂಡು ಎಂಬ ಹಂತಗಳನ್ನು ದಾಟುತ್ತ ಶತಮಾನಗಳ ಕಾಲ ನಡೆದ ಪ್ರಕ್ರಿಯೆಯದು.

ಹನ್ನೆರಡನೆಯ ಶತಮಾನದಲ್ಲಿ ನಾರ್ಮನ್ನರು ಇಂಗ್ಲೆಂಡಿನಲ್ಲಿ ಮೊಲ ಸಾಕಣೆಯನ್ನು ರೂಢಿಗೆ ತಂದಾಗ ವಾರನ್ ಎಂಬ ಮೊಲದ ಕಾವಲುಗಳು ಹುಟ್ಟಿಕೊಂಡವು. ತೇವದ ನೆಲದಲ್ಲಿ ಬಿಲ ತೋಡಲು ಹಿಂಜರಿಯುವ ಮೊಲಗಳಿಗಾಗಿ ಸಡಿಲ ಮಣ್ಣಿನ ಉದ್ದನೆಯ ದಿಬ್ಬಗಳನ್ನು ಏರಿಸಲಾಗುತ್ತಿತ್ತು. ಡಾರ್ಟ್‌ಮೂರ್ ಪ್ರದೇಶದಲ್ಲಿ ಅವುಗಳ ಕುರುಹುಗಳನ್ನು ಈಗಲೂ ನೋಡಬಹುದು. ಕಾವಲಿನ ಉಸ್ತುವಾರಿ ಹೊತ್ತ ವಾರನರ್ ಎಂಬ ಕಸುಬುದಾರ, ಬಿಲದ ಬಾಯಿಗಳಿಗೆ ಬಲೆ ಕಟ್ಟಿ, ಫೆರೆಟ್ ಎಂಬ ಉದ್ದ ಮೈಯ ಪಳಗಿದ ಬೇಟೆಪ್ರಾಣಿಯನ್ನು ಒಳಗೆ ಬಿಟ್ಟು, ಹೆದರಿ ಹೊರಗೆ ನುಗ್ಗಿದ ಮೊಲಗಳನ್ನು ಬಲೆಯಲ್ಲಿ ಹಿಡಿದು ಕೊರಳು ಮುರಿಯುತ್ತಿದ್ದ. ಅಂಥವನಿಗೆ ಮೊಲವನ್ನು ಹಿಂಗಾಲು ಹಿಡಿದು ತೂಗಾಡಿಸಿ ಒಯ್ಯುವುದು ಸಹಜವಾಗಿತ್ತು, ಏಕೆಂದರೆ ಅವನ ಕೈಯಲ್ಲಿ ಮೊಲ ಜೀವಂತವಾಗಿ ಉಳಿಯುವ ಕಾಲವೇ ಅತಿ ಕಡಿಮೆ.

ಇದಕ್ಕೆ ಅಪವಾದಗಳು ಇರಲಿಲ್ಲವೆಂದಲ್ಲ. ವಿಂಚೆಸ್ಟರಿನ ಬಿಷಪ್ ವಿಲಿಯಂ ಆಫ್ ವೈಕ್‌ಹ್ಯಾಮ್ 1387ರಲ್ಲಿ ರಾಮ್ಸಿಯ ಕ್ರೈಸ್ತ ಸಂನ್ಯಾಸಿನಿಯರ ಮಠಕ್ಕೆ ಬರೆದ ಶಾಸನಪತ್ರದಲ್ಲಿ, ಕೆಲವರು ಹಕ್ಕಿ, ಮೊಲ, ನಾಯಿಗಳನ್ನು ಪ್ರಾರ್ಥನೆಯ ವೇಳೆ ಚರ್ಚಿಗೆ ತರುತ್ತಿರುವುದನ್ನು ಖಂಡಿಸಿ ನಿಷೇಧಿಸಿದ್ದಾನೆ. ಪ್ರಾರ್ಥನೆಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಳ್ಳಬಹುದಾದ ಮೊಲ ಮನುಷ್ಯರ ಕೈಗೆ ಚೆನ್ನಾಗಿ ಒಗ್ಗಿದ್ದಿರಬೇಕು. ಆ ಒಗ್ಗಿಸುವ ಜಾಣ್ಮೆ ಅವರೊಂದಿಗೇ ಉಳಿಯಿತೇ ಹೊರತು ಯಾವ ಕೈಪಿಡಿಗೂ ಏರಲಿಲ್ಲ. ಚಿತ್ರಕಾರ ಟಿಷಿಯನ್ 1530ರ ಸುಮಾರಿಗೆ ಬರೆದ, ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಯೇಸುವಿನ ತಾಯಿ ಮೇರಿ ಅಚ್ಚ ಬಿಳಿಯ ಮೊಲವೊಂದರ ಮೇಲೆ ಕೈಯಿಟ್ಟಿದ್ದಾಳೆ. ಕಾಡಿನಲ್ಲಿ ಉಳಿಯಲಾರದ ಆ ಬಿಳುಪು, ಮನುಷ್ಯನ ಆಯ್ಕೆಯಿಂದ ಬೆಳೆದ ಮೊಲಗಳು ಆ ಹೊತ್ತಿಗೆ ಇದ್ದುದನ್ನು ಸೂಚಿಸುತ್ತದೆ.

ಮರದ ಗೂಡುಗಳಲ್ಲಿ ಮೊಲ ಸಾಕುವ ಪದ್ಧತಿ ಹರಡಿ, ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೊಲಗಳ ಪ್ರದರ್ಶನ ಮತ್ತು ಸ್ಪರ್ಧೆಗಳು ಜನಪ್ರಿಯವಾದ ಮೇಲೆ ಪರಿಸ್ಥಿತಿ ಬದಲಾಯಿತು. ಜೋಲುಕಿವಿಯ ತಳಿಗಳಲ್ಲಿ ಒಂದು ಕಿವಿಯ ತುದಿಯಿಂದ ಇನ್ನೊಂದರ ತುದಿಗೆ 20 ಅಂಗುಲ ಮೀರಿದ ಮೊಲಗಳಿಗೆ ಬಹುಮಾನ ಸಿಗುತ್ತಿತ್ತು. ಹೀಗೆ ಅಳೆಯಲು, ಹಲ್ಲು ಉಗುರು ನೋಡಲು, ತುಪ್ಪಳ ಪರೀಕ್ಷಿಸಲು ತೀರ್ಪುಗಾರನ ಮೇಜಿನ ಮೇಲೆ ಮೊಲ ಅಲುಗಾಡದೆ ಕೂರಬೇಕಾಗಿದ್ದುದರಿಂದ, ಅಪರಿಚಿತರ ಕೈಯನ್ನು ಸಹಿಸುವಂತೆ ಅದನ್ನು ರೂಢಿಸುವುದು ಮೊದಲ ಬಾರಿಗೆ ಸಾಕುವವನಿಗೆ ಲಾಭದ ವಿಷಯವಾಯಿತು. ಆದರೆ ಇದೇ ಕಾಲದ ಸಂತೆಗಳಲ್ಲೂ ಜಾದೂಗಾರರ ವೇದಿಕೆಗಳಲ್ಲೂ ಕಿವಿ ಹಿಡಿದು ಎತ್ತುವ ಅಭ್ಯಾಸ ಮುಂದುವರಿದೇ ಇತ್ತು. ಮೊಲದ ಕಿವಿ ರಕ್ತನಾಳಗಳಿಂದ ತುಂಬಿದ, ಮೈಯ ಕಾವನ್ನು ಹೊರಹಾಕುವ ಸೂಕ್ಷ್ಮ ಅಂಗ. ಇಡೀ ಮೈಭಾರ ಹೊರುವ ಹಿಡಿಕೆಯಲ್ಲ.

ಚಾರ್ಲ್ಸ್ ಡಾರ್ವಿನ್ ಸಾಕುಮೊಲದ ಸಾಧುತನದ ಮೂಲವನ್ನು ಶಾಸ್ತ್ರೀಯವಾಗಿ ವಿಚಾರಿಸಿದವರಲ್ಲಿ ಮೊದಲಿಗ. ಕಾಡಿನ ಮೊಲದ ಮರಿಯಷ್ಟು ಪಳಗಿಸಲು ಕಷ್ಟವಾದ ಪ್ರಾಣಿ ವಿರಳ, ಸಾಕುಮೊಲದ ಮರಿಯಷ್ಟು ಸಾಧುವಾದುದೂ ವಿರಳ ಎಂಬ ವೈರುಧ್ಯವನ್ನು ಅವನು 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಎತ್ತಿ ತೋರಿಸಿದ. 1868ರ ಗ್ರಂಥದಲ್ಲಿ ಅಟ್ಲಾಂಟಿಕ್ ಸಾಗರದ ಪೋರ್ಟೊ ಸಾಂಟೊ ದ್ವೀಪದ ಮೊಲಗಳ ಉದಾಹರಣೆ ಕೊಟ್ಟ. ಹದಿನೈದನೆಯ ಶತಮಾನದ ಆರಂಭದಲ್ಲಿ ಹಡಗಿನಿಂದ ಅಲ್ಲಿ ಬಿಡಲಾದ ಸಾಕುಮೊಲದ ಸಂತತಿಯೆಂದು ಅವನು ನಂಬಿದ್ದ ಆ ಪ್ರಾಣಿಗಳು ಲಂಡನ್ನಿನ ಮೃಗಾಲಯದಲ್ಲಿ ಯಾರ ಹತ್ತಿರಕ್ಕೂ ಬಾರದೆ ವಿಪರೀತ ಬೆದರಿ ಓಡಾಡುತ್ತಿದ್ದವು. ಕೈಯ ಸಂಪರ್ಕ ತಪ್ಪಿ ತಲೆಮಾರುಗಳು ಕಳೆದರೆ ಸಾಧುತನವೂ ಕಳೆದುಹೋಗುತ್ತದೆಂಬುದು ಅದರ ಸೂಚನೆ.

ಮಕ್ಕಳ ಒಡನಾಡಿಯಾಗಿ ಮೊಲ ನೆಲೆಗೊಂಡದ್ದೂ ಇದೇ ಅವಧಿಯಲ್ಲಿ. ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಲಂಡನ್ನಿನ ತಮ್ಮ ಮನೆಯಲ್ಲಿ ಬೆಂಜಮಿನ್ ಮತ್ತು ಪೀಟರ್ ಎಂಬ ಮೊಲಗಳನ್ನು ಸಾಕಿ, ಬೆಂಜಮಿನನನ್ನು ಚರ್ಮದ ಪಟ್ಟಿ ಕಟ್ಟಿ ತಿರುಗಾಡಿಸುತ್ತಿದ್ದರು. 1902ರಲ್ಲಿ ಪ್ರಕಟವಾದ ಪೀಟರ್ ಮೊಲದ ಕಥೆಯ ಚಿತ್ರಗಳಿಗೆ ಆ ಒಡನಾಟವೇ ಆಧಾರ. ಆದರೂ ಹೆಚ್ಚಿನ ಮನೆಗಳಲ್ಲಿ ಮೊಲ ಹಿತ್ತಲ ಗೂಡಿನಲ್ಲೇ ಉಳಿಯಿತು, ಎರಡನೆಯ ಮಹಾಯುದ್ಧದ ಮಾಂಸದ ಪಡಿತರದ ದಿನಗಳಲ್ಲಿ ಅದೇ ಗೂಡಿನಿಂದ ಅಡುಗೆಮನೆಗೂ ಹೋಯಿತು. ಅದು ನಾಯಿ ಬೆಕ್ಕುಗಳಂತೆ ಮನೆಯೊಳಗೆ ಬದುಕಬೇಕಾದ ಪ್ರಾಣಿಯೆಂಬ ವಿಚಾರಕ್ಕೆ ಸಂಘಟಿತ ರೂಪ ಬಂದದ್ದು 1985ರಲ್ಲಿ ಅಮೆರಿಕದ ಮಾರಿನೆಲ್ ಹ್ಯಾರಿಮನ್ ಮನೆಮೊಲದ ಕೈಪಿಡಿಯನ್ನು ಬರೆದು, 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೌಸ್ ರ್‍ಯಾಬಿಟ್ ಸೊಸೈಟಿ ಹುಟ್ಟಿದ ಮೇಲೆ.

ಮುಂದಿನ ದಶಕಗಳ ವಿಜ್ಞಾನ ಹಳೆಯ ನಂಬಿಕೆಗಳನ್ನು ಒಂದೊಂದಾಗಿ ತಿದ್ದಿತು. ತಾಯಿಮೊಲ ದಿನಕ್ಕೆ ಸಾಮಾನ್ಯವಾಗಿ ಒಮ್ಮೆ, ಕೆಲವೇ ನಿಮಿಷ ಮಾತ್ರ ಮರಿಗಳಿಗೆ ಹಾಲೂಡುತ್ತದೆ. ಹುಟ್ಟಿದ ಮೊದಲ ವಾರದಲ್ಲಿ, ಹಾಲು ಕುಡಿದ ಸ್ವಲ್ಪ ಹೊತ್ತಿನೊಳಗೆ ಮರಿಗಳನ್ನು ಕೈಯಲ್ಲಿ ಹಿಡಿದರೆ ಅವು ಮುಂದೆ ಮನುಷ್ಯನಿಗೆ ಹೆದರುವುದಿಲ್ಲವೆಂದೂ, ಕಾಡಿನ ಮೊಲದ ಮರಿಗಳಿಗೂ ಇದು ಅನ್ವಯಿಸುತ್ತದೆಂದೂ ಹಂಗೆರಿಯ ಸಂಶೋಧಕರು 2000ದ ಆಸುಪಾಸಿನಲ್ಲಿ ತೋರಿಸಿದರು. ಭಯವನ್ನು ನಿಗ್ರಹಿಸುವ ಒಂದೇ ಜೀನ್ ಸಾಕುಮೊಲದಲ್ಲಿಲ್ಲ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಅನೇಕ ಜೀನ್‌ಗಳ ಬಳಿ ಸಣ್ಣ ಸಣ್ಣ ಬದಲಾವಣೆಗಳಿವೆ ಎಂದು 2014ರ ಅಧ್ಯಯನ ಹೇಳಿತು. ಭಯವನ್ನು ಸಂಸ್ಕರಿಸುವ ಅಮಿಗ್ಡಲ ಎಂಬ ಮಿದುಳಿನ ಭಾಗ ಸಾಕುಮೊಲದಲ್ಲಿ ಕಿರಿದಾಗಿರುವುದನ್ನು 2018ರ ಸ್ಕ್ಯಾನ್ ಚಿತ್ರಗಳು ತೋರಿಸಿದವು. ಅಂದರೆ ಮೊಲದ ಭಯ ತಗ್ಗಿದೆ, ಅಳಿದಿಲ್ಲ. ಅಂಗಾತ ಮಲಗಿಸಿದಾಗ ಅದು ಕದಲದೆ ಬಿದ್ದಿರುವುದನ್ನು ಹಿಂದಿನವರು ನೆಮ್ಮದಿಯೆಂದು ತಿಳಿದಿದ್ದರು. ಅದು ಬೇಟೆಗಾರನ ಹಿಡಿತಕ್ಕೆ ಸಿಕ್ಕ ಪ್ರಾಣಿ ಭೀತಿಯಿಂದ ಮರಗಟ್ಟುವ ಸ್ಥಿತಿಯೆಂಬುದು ಈಗ ಒಪ್ಪಿತವಾಗಿದೆ.

ಇಂದಿನ ಪಶುವೈದ್ಯರು ಹೇಳಿಕೊಡುವ ಕ್ರಮ ಈ ಅರಿವಿನ ಫಲ. ಮೊಲದ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಮೂಗಿನ ನೇರ ಮುಂದಿನದು ಅದಕ್ಕೆ ಕಾಣದು. ಆದ್ದರಿಂದ ಕೈಯನ್ನು ಮೂಗಿಗೆ ಚಾಚದೆ ಪಕ್ಕದಿಂದ ತರಬೇಕು. ಮೊದಲ ದಿನಗಳಲ್ಲಿ ನೆಲದ ಮೇಲೆ ಕುಳಿತು, ಅದಾಗಿಯೇ ಹತ್ತಿರ ಬಂದಾಗ ಸೊಪ್ಪು ಕೊಟ್ಟು, ಹಣೆ ಸವರಿ, ಎದೆಯ ಕೆಳಗೆ ಅಂಗೈ ಇಟ್ಟು ತೆಗೆಯುವುದನ್ನು ರೂಢಿಸಬೇಕು. ಅನಂತರ ಒಂದು ಕೈಯನ್ನು ಮುಂಗಾಲುಗಳ ಹಿಂದೆ ಎದೆಗೆ, ಇನ್ನೊಂದನ್ನು ಪೃಷ್ಠದ ಅಡಿಗೆ ಕೊಟ್ಟು ಎತ್ತಿ, ಮೈಯನ್ನು ಎದೆಗೆ ಒತ್ತಿಕೊಂಡು, ಇಳಿಸುವಾಗ ಹಿಂಗಾಲು ಮೊದಲು ನೆಲ ಮುಟ್ಟುವಂತೆ ಇಳಿಸಬೇಕು. ಬೆಕ್ಕಿನ ಅಸ್ಥಿಪಂಜರ ಮೈತೂಕದ ಶೇ. 12ರಿಂದ 13ರಷ್ಟಿದ್ದರೆ ಮೊಲದ್ದು ಶೇ. 7ರಿಂದ 8ರಷ್ಟು ಮಾತ್ರ. ಹಿಂಭಾಗಕ್ಕೆ ಆಧಾರವಿಲ್ಲದೆ ಒದ್ದಾಡಿದರೆ ಅದರ ಬಲವಾದ ಕಾಲೊದೆತವೇ ಸೊಂಟದ ಭಾಗದ ಬೆನ್ನುಮೂಳೆ ಮುರಿಯಬಲ್ಲದು.

ಕರ್ನಾಟಕದ ಹೊಲದಂಚು ಮತ್ತು ಕುರುಚಲು ಕಾಡುಗಳಲ್ಲಿ ಕಾಣುವ ಮೊಲ ಈ ಚರಿತ್ರೆಗೆ ಸೇರಿದುದಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಕತ್ತಿನ ಹಿಂದೆ ಕಪ್ಪು ಮಚ್ಚೆಯುಳ್ಳ ಆ ಕಾಡುಮೊಲ ಬಿಲ ತೋಡುವುದಿಲ್ಲ, ಅದರ ಮರಿಗಳು ಕಣ್ಣು ತೆರೆದು ತುಪ್ಪಳ ಹೊತ್ತೇ ಹುಟ್ಟುತ್ತವೆ, ಅದು ಎಂದೂ ಪಳಗಿದ ಪ್ರಾಣಿಯಲ್ಲ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬೆಂಗಳೂರು, ಮೈಸೂರುಗಳ ಅಂಗಡಿಗಳಲ್ಲಿ ಸಿಗುವ ಬಿಳಿ ಮೊಲಗಳು ಯುರೋಪಿನ ಬಿಲಮೊಲದ ಸಂತತಿ. ಅವನ್ನು ಕೊಳ್ಳುವವರು, ಎಷ್ಟು ಒಗ್ಗಿದರೂ ನೆಲ ಬಿಟ್ಟು ಮೇಲೇರುವುದನ್ನು ಹೆಚ್ಚಿನ ಮೊಲಗಳು ಸಹಿಸುತ್ತವೆಯೇ ಹೊರತು ಬಯಸುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಉಗುರು ಕತ್ತರಿಸಲು, ವೈದ್ಯರಲ್ಲಿಗೆ ಒಯ್ಯಲು ಬೇಕಾಗುವಷ್ಟು ಮಾತ್ರ ಎತ್ತಿ, ಉಳಿದ ಒಡನಾಟವನ್ನು ನೆಲದ ಮೇಲೆ ಕುಳಿತೇ ನಡೆಸುವುದು ಆ ಪ್ರಾಣಿಗೆ ಸಲ್ಲಬೇಕಾದ ನ್ಯಾಯ.