ಕೈಬಳಕೆಯ ವಿದ್ಯುತ್ ಉಪಕರಣಗಳ ಪರೀಕ್ಷೆ: ಎಷ್ಟು ಕಾಲಕ್ಕೊಮ್ಮೆ?

ಇಸ್ತ್ರಿಪೆಟ್ಟಿಗೆ, ಮಿಕ್ಸಿ, ನೀರು ಕಾಯಿಸುವ ರಾಡ್, ಟೇಬಲ್ ಫ್ಯಾನ್ ಮೊದಲಾದ, ಪ್ಲಗ್ಗಿನ ಮೂಲಕ ವಿದ್ಯುತ್ ಪಡೆದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಸಾಧನಗಳು ಈ ವರ್ಗಕ್ಕೆ ಸೇರುತ್ತವೆ. ಮನೆಬಳಕೆಯ ಇಂಥ ಸಾಧನಗಳನ್ನು ಇಂತಿಷ್ಟು ತಿಂಗಳಿಗೊಮ್ಮೆ ಪರೀಕ್ಷಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಬ್ರಿಟನ್ನಿನ 1989ರ ನಿಯಮಾವಳಿಯೂ ಕೆಲಸದ ಸ್ಥಳದ ಉಪಕರಣಗಳನ್ನು ಸುಸ್ಥಿತಿಯಲ್ಲಿಡಬೇಕೆನ್ನುತ್ತದೆಯೇ ಹೊರತು ಅವಧಿಯನ್ನು ವಿಧಿಸುವುದಿಲ್ಲ. ಪ್ರತಿವರ್ಷ ಪರೀಕ್ಷೆ ಕಡ್ಡಾಯವೆಂಬುದು ಅಲ್ಲಿಯೂ ಹಬ್ಬಿರುವ ತಪ್ಪು ತಿಳುವಳಿಕೆ. ಕಚೇರಿಯಲ್ಲಿರುವ, ಅರ್ಥಿಂಗ್ ಉಳ್ಳ ಕೆಟಲ್‌ನಂಥ ಸಾಧನಕ್ಕೆ ಆರು ತಿಂಗಳಿಂದ ಒಂದು ವರ್ಷದೊಳಗೆ ಕಣ್ಣಿನ ತಪಾಸಣೆ, 1ರಿಂದ 2 ವರ್ಷಕ್ಕೊಮ್ಮೆ ಮೀಟರಿನ ಪರೀಕ್ಷೆ ಎಂಬುದು ಅಲ್ಲಿನ ಸರ್ಕಾರಿ ಸುರಕ್ಷಾ ಸಂಸ್ಥೆಯ ಸಲಹೆ.

ಈ ಲೆಕ್ಕ ಒಣ ಕಚೇರಿಗಳದು. ಫೋರ್ಟ್ ಕೊಚ್ಚಿಯ ಮನೆಗಳಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಕಡಲಗಾಳಿಯ ಉಪ್ಪು ಪ್ಲಗ್ಗಿನೊಳಗಿನ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿಸುತ್ತದೆ. ಸಂಪರ್ಕ ಸಡಿಲವಾಗಿ ಬಿಸಿಯೇರುತ್ತದೆ. ಜೂನ್‌ನಿಂದ ಸುರಿಯುವ ಮಳೆಯಲ್ಲಿ ತೇವ ಹಿಡಿದ ಉಪ್ಪಿನ ಪದರವು ವಿದ್ಯುತ್ತಿಗೆ ಹಾದಿ ಮಾಡಿಕೊಡುತ್ತದೆ. ಬರಿಗಾಲು, ಒದ್ದೆ ನೆಲ ಸೇರಿದರೆ ಸಣ್ಣ ಸೋರಿಕೆಯೂ ಪ್ರಾಣಾಂತಿಕವಾಗಬಲ್ಲುದು. ಆದುದರಿಂದ ಮೇ ತಿಂಗಳ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಎಲ್ಲ ಸಾಧನಗಳ ತಂತಿ, ಪ್ಲಗ್ಗುಗಳನ್ನು ನೋಡುವುದು ನನ್ನ ಮಟ್ಟಿಗೆ ಯುಕ್ತ. ಬ್ಯಾಂಕಿನಲ್ಲಿ ಅಗ್ನಿಶಾಮಕ ಸಿಲಿಂಡರಿಗೆ ತಪಾಸಣೆಯ ದಿನಾಂಕದ ಚೀಟಿ ಕಟ್ಟಿರುತ್ತೇವೆ. ಮನೆಯ ಮಿಕ್ಸಿಗೆ ಆ ಭಾಗ್ಯವಿಲ್ಲ!

ಸೀಳಿದ ತಂತಿ, ಸುಟ್ಟ ಕಲೆ, ಅಲುಗಾಡುವ ಪಿನ್ನು ಕಂಡರೆ ಬಳಕೆ ನಿಲ್ಲಿಸಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಉದ್ದವಾದುದು ಅರ್ಥ್ ಪಿನ್ನು. ಮೊದಲು ಸಂಪರ್ಕಿಸಲೆಂದೇ ಅದು ಉದ್ದವಿದೆ. ಅದನ್ನು ಕಳಚಿ ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವುದು ರಕ್ಷಣೆಯನ್ನೇ ತೆಗೆದುಹಾಕಿದಂತೆ.

ಇಸ್ತ್ರಿಪೆಟ್ಟಿಗೆ, ರಾಡ್‌ಗಳನ್ನಾದರೂ ವರ್ಷಕ್ಕೊಮ್ಮೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ಮೆಗ್ಗರ್ ಹಚ್ಚಿಸಿ ನೋಡಿಸಬೇಕು. 500 ವೋಲ್ಟ್ ಪರೀಕ್ಷೆಯಲ್ಲಿ ಅರ್ಥಿಂಗ್ ಉಳ್ಳ ಸಾಧನದ ನಿರೋಧ ಕನಿಷ್ಠ 1 ಮೆಗಾಓಮ್, ಚೌಕದೊಳಗೊಂದು ಚೌಕದ ಗುರುತಿರುವ ಇಮ್ಮಡಿ ಹೊದಿಕೆಯ ಸಾಧನದ್ದು 2 ಮೆಗಾಓಮ್ ಇರಬೇಕೆಂಬುದು ಸಾಮಾನ್ಯ ಅಳತೆ. ಬಿದ್ದ, ರಿಪೇರಿಯಾದ, ನೀರಿನಲ್ಲಿ ನೆನೆದ ಸಾಧನಕ್ಕೆ ಅವಧಿಯ ಪ್ರಶ್ನೆಯೇ ಇಲ್ಲ. ಮತ್ತೆ ಚಾಲೂ ಮಾಡುವ ಮುನ್ನವೇ ಪರೀಕ್ಷೆಯಾಗಬೇಕು. 2018ರ ಆಗಸ್ಟ್ ಪ್ರವಾಹದಲ್ಲಿ ಆಲುವಾ, ಪರವೂರು ಕಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ನಾವೆಲ್ಲ ಬಲ್ಲೆವು. ಹೊರಗೆ ಒಣಗಿದಂತೆ ಕಂಡ ಮೋಟಾರಿನ ಸುರುಳಿಯಲ್ಲಿ ತೇವ ಬಹುದಿನ ಉಳಿಯುತ್ತದೆ.

ಮನೆಯ ಮುಖ್ಯ ಫಲಕದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿರಿ. ಸ್ವಿಚ್ಚು ಬೀಳದಿದ್ದರೆ ಅದನ್ನು ಬದಲಿಸಬೇಕು. ಗುಂಡಿ ಒತ್ತುವುದರಿಂದ ಮನೆಯ ಅರ್ಥಿಂಗ್ ಸರಿಯಿದೆಯೆಂದು ತಿಳಿಯುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಅಳೆಯಿಸಬೇಕು.