ಪ್ಲೇಗಮ್ಮನ ಗುಡಿ ಮತ್ತು ಊರಿನ ಧೈರ್ಯ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, ಅಂದರೆ ಇಲಿಗಳ ಮೈಮೇಲಿನ ಚಿಗಟಗಳಿಂದ ಮನುಷ್ಯರಿಗೆ ತಗುಲಿ ಕಂಕುಳು, ತೊಡೆಸಂದುಗಳಲ್ಲಿ ಗಡ್ಡೆ ಎಬ್ಬಿಸುವ ಜ್ವರ, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿದಾಗ, ಮನೆಮನೆಯ ತಪಾಸಣೆಯೂ ಸೋಂಕಿತರನ್ನು ಮನೆಯವರಿಂದ ಬೇರ್ಪಡಿಸಿ ಊರಾಚೆ ಇರಿಸುತ್ತಿದ್ದ ಶಿಬಿರಗಳೂ ಜನರನ್ನು ರೋಗದಷ್ಟೇ ಕಂಗೆಡಿಸಿದವು. ಹಳ್ಳಿಗಳಲ್ಲಾದರೋ ಇಲಿ ಬಿದ್ದರೆ, ಎಂದರೆ ಸತ್ತ ಇಲಿಗಳು ಕಂಡರೆ, ಜನ ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇದೂ ಒಂದು ಬಗೆಯ ಪ್ರತ್ಯೇಕವಾಸವೇ ಆದರೂ, ನೆರೆಹೊರೆ ಜೊತೆಗೇ ಇರುತ್ತಿದ್ದುದರಿಂದ ಶಿಬಿರದ ಒಂಟಿತನ ಇದಕ್ಕಿರಲಿಲ್ಲ ಎನ್ನಬೇಕು.

ಮಾರಿಯನ್ನು, ಅಂದರೆ ಸಾಂಕ್ರಾಮಿಕವನ್ನು ತರುವವಳೂ ತೊಲಗಿಸುವವಳೂ ಆದ ಗ್ರಾಮದೇವತೆಯನ್ನು, ಊರೆಲ್ಲ ಕೂಡಿ ಪೂಜಿಸಿ ಗಡಿ ದಾಟಿಸುವ ಹಳೆಯ ಪದ್ಧತಿಯ ಮುಂದುವರಿಕೆಯಾಗಿ ಪ್ಲೇಗು ಮಾರಮ್ಮನ ಗುಡಿಗಳು ಹುಟ್ಟಿದವು. ಇವನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಅವಸರದ ತೀರ್ಮಾನ: ಗುಡಿ ರೋಗವನ್ನು ತಡೆಯಲಿಲ್ಲ, ಜಾತ್ರೆಯ ಜನಸಂದಣಿಯಿಂದ ಅಪಾಯವೂ ಇದ್ದಿರಬಹುದು, ಆದರೆ ಕಾಣದ ಸಾವಿನ ಭಯಕ್ಕೆ ಅದು ಹೆಸರನ್ನೂ ಮುಖವನ್ನೂ ಕೊಟ್ಟು, ಶೋಕವನ್ನು ಒಂದು ಮನೆಯ ಪಾಡಾಗಿ ಉಳಿಯಗೊಡಲಿಲ್ಲ. ಆಗ ಬೆಂಗಳೂರಿನಲ್ಲಿ ಮನೋರೋಗಿಗಳ ಆಶ್ರಯಾಲಯವಿತ್ತಾದರೂ, ಸಾಂಕ್ರಾಮಿಕದಿಂದ ನೊಂದ ಸಾಮಾನ್ಯರಿಗೆ ಆಪ್ತಸಮಾಲೋಚನೆ ನೀಡುವ ಕಲ್ಪನೆ ಆಡಳಿತಕ್ಕಿರಲಿಲ್ಲ. ಆ ಆಶ್ರಯಾಲಯದಿಂದ ಬೆಳೆದ ನಿಮ್ಹಾನ್ಸ್ ಸಂಸ್ಥೆಯು 2020ರ ಕೋವಿಡ್ ಕಾಲದಲ್ಲಿ ಮಾನಸಿಕ ನೆರವಿಗಾಗಿ ಸಹಾಯವಾಣಿಯನ್ನು ತೆರೆಯಿತು.